ಸಮ್ಮೇಳನದ ಖರ್ಚನ್ನು ಮೊದಲು ಯಾರು ಹಾಕಬೇಕು? ನಾನು ಪಡೆದ ಮೂರು ಬಗೆಯ ನೆರವಿನ ಹೋಲಿಕೆ

ರಾಯಚೂರು ಜಿಲ್ಲೆಯಲ್ಲಿ ಕ್ಷಯರೋಗದ ಕುರಿತು ಸಂಶೋಧನೆ ನಡೆಸುವ ತಂಡವೊಂದರಲ್ಲಿ ಕೆಲಸ ಮಾಡುವ ನಾನು ಮೂರು ದೊಡ್ಡ ಸಮ್ಮೇಳನಗಳಿಗೆ ಮೂರು ಬೇರೆ ಬೇರೆ ಮೂಲದ ಹಣದಲ್ಲಿ ಹೋಗಿ ಬಂದಿದ್ದೇನೆ. 2019ರ ಅಕ್ಟೋಬರ್ 30ರಿಂದ ನವೆಂಬರ್ 2ರವರೆಗೆ ಹೈದರಾಬಾದಿನಲ್ಲಿ ಶ್ವಾಸಕೋಶ ಆರೋಗ್ಯದ ವಿಶ್ವ ಸಮ್ಮೇಳನ ನಡೆದಾಗ ನಮ್ಮ ಸಂಸ್ಥೆಯೇ ಹಣ ಕೊಟ್ಟಿತು. ಅದೇ ಸಮ್ಮೇಳನ 2023ರ ನವೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ನಡೆದಾಗ ಕೇಂದ್ರ ಸರ್ಕಾರದ ಪ್ರಯಾಣ ಅನುದಾನ ಸಿಕ್ಕಿತು. 2024ರ ಜುಲೈನಲ್ಲಿ ಮ್ಯೂನಿಕ್‌ನಲ್ಲಿ ನಡೆದ 25ನೇ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನಕ್ಕೆ ಅದರ ಆಯೋಜಕರಾದ ಅಂತರರಾಷ್ಟ್ರೀಯ ಏಡ್ಸ್ ಸೊಸೈಟಿಯ ಸ್ಕಾಲರ್‌ಶಿಪ್ ದೊರೆಯಿತು. ಈ ಮೂರರಲ್ಲಿ ಯಾವುದು ಒಳ್ಳೆಯದೆಂದು ಕಿರಿಯ ಸಹೋದ್ಯೋಗಿಗಳು ಆಗಾಗ ಕೇಳುತ್ತಾರೆ. ಸಾಮಾನ್ಯವಾಗಿ ಎಲ್ಲರೂ ಮೊತ್ತವನ್ನು ಹೋಲಿಸುತ್ತಾರೆ, ಆದರೆ ಹಣ ಯಾವಾಗ ಕೈಸೇರುತ್ತದೆ ಮತ್ತು ಅಲ್ಲಿಯವರೆಗೆ ಯಾರ ಕೈಯಿಂದ ಖರ್ಚಾಗುತ್ತಿರುತ್ತದೆ ಎಂಬುದನ್ನೇ ಮೊದಲು ನೋಡಬೇಕು ಎನ್ನುವುದು ನನ್ನ ಅನುಭವ.

ಸಂಸ್ಥೆಯ ಹಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದಕ್ಕೆ ಅರ್ಜಿಯ ನಮೂನೆಯಾಗಲಿ ಪೈಪೋಟಿಯಾಗಲಿ ಇರಲಿಲ್ಲ. ಪ್ರಬಂಧ ಸ್ವೀಕೃತವಾದ ಪತ್ರವನ್ನು ತೋರಿಸಿದ ವಾರದಲ್ಲೇ ನೋಂದಣಿ ಶುಲ್ಕವನ್ನು ಸಂಸ್ಥೆಯೇ ನೇರವಾಗಿ ಕಟ್ಟಿತು, ಬಸ್ಸು ಮತ್ತು ಊಟಕ್ಕೆ ಮುಂಗಡವನ್ನೂ ಕೊಟ್ಟಿತು. ರಾಯಚೂರಿನವರಿಗೆ ಹೈದರಾಬಾದು ಬೆಂಗಳೂರಿಗಿಂತ ಬಹಳ ಹತ್ತಿರ. 1956ರವರೆಗೆ ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲೇ ಇದ್ದುದರಿಂದ ಅಲ್ಲಿ ನೆಂಟರಿಲ್ಲದ ಮನೆಗಳೇ ನಮ್ಮ ಕಡೆ ಕಡಿಮೆ. ಕಾಚಿಗುಡದಲ್ಲಿರುವ ಚಿಕ್ಕಮ್ಮನ ಮನೆಯಲ್ಲಿ ಉಳಿದು ದಿನವೂ ಸಮ್ಮೇಳನ ಕೇಂದ್ರಕ್ಕೆ ಹೋಗಿ ಬಂದೆ. ಸಂಸ್ಥೆಗಾದ ಖರ್ಚು ತೀರಾ ಕಡಿಮೆ, ನನಗಾದ ತೊಂದರೆ ಅದಕ್ಕಿಂತಲೂ ಕಡಿಮೆ. ಆದರೆ ಈ ದಾರಿ ದೇಶದ ಗಡಿಯವರೆಗೆ ಮಾತ್ರ ಸಾಗುತ್ತದೆ, ಏಕೆಂದರೆ ಸಣ್ಣ ಸಂಸ್ಥೆಯೊಂದು ವಿಮಾನದ ದರ ಮತ್ತು ಹೊರದೇಶದ ವಸತಿಯನ್ನು ಭರಿಸುವುದು ಕಷ್ಟ. ವಿಶ್ವಮಟ್ಟದ ಸಮ್ಮೇಳನವೊಂದು ಭಾರತಕ್ಕೇ ಬಂದಾಗ ಆ ಅವಕಾಶವನ್ನು ಬಿಡಬಾರದು ಎಂದಷ್ಟೇ ಇಲ್ಲಿ ಹೇಳಬಲ್ಲೆ.

ಕೇಂದ್ರ ಸರ್ಕಾರದ ಪ್ರಯಾಣ ಅನುದಾನಗಳು ಒಂದಲ್ಲ, ಹಲವು ಇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ತನ್ನ ಸಿಬ್ಬಂದಿಯಲ್ಲದ ವಿಜ್ಞಾನಿಗಳಿಗೂ ನೆರವು ಕೊಡುತ್ತ ಬಂದಿದೆ. ಜೈವಿಕ ತಂತ್ರಜ್ಞಾನ ಇಲಾಖೆಗೂ ತನ್ನದೇ ಯೋಜನೆಯಿದೆ. ಸರ್ಬ್ ಎಂದು ಎಲ್ಲರೂ ಕರೆಯುತ್ತಿದ್ದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿಯ ಅಂತರರಾಷ್ಟ್ರೀಯ ಪ್ರಯಾಣ ನೆರವು ಬಹುಕಾಲ ಹೆಚ್ಚು ಪರಿಚಿತವಾಗಿತ್ತು. 2023ರ ಕಾಯ್ದೆಯ ಪ್ರಕಾರ ಆ ಮಂಡಳಿ ಈಗ ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್‌ನಲ್ಲಿ ಸೇರಿಹೋಗಿದೆ. ಇವುಗಳ ನಿಯಮಗಳು ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲವಾದರೂ ಮೂಲ ಸ್ವರೂಪ ಒಂದೇ. ನೀವು ಪ್ರಬಂಧ ಮಂಡಿಸುವವರಾಗಿರಬೇಕು, ಸಂಸ್ಥೆಯ ಮುಖ್ಯಸ್ಥರ ನಿರಾಕ್ಷೇಪಣಾ ಪತ್ರ ಇರಬೇಕು, ಅತಿ ಹತ್ತಿರದ ಮಾರ್ಗದಲ್ಲಿ ಎಕಾನಮಿ ದರ್ಜೆಯಲ್ಲಿ ಪ್ರಯಾಣಿಸಬೇಕು, ಮತ್ತು ಹಣ ಮರುಪಾವತಿಯ ರೂಪದಲ್ಲಿ ಬರುತ್ತದೆ. ನನಗೆ ಸಿಕ್ಕಿದ್ದು ಇಂಥ ಅನುದಾನಗಳಲ್ಲೊಂದು. ಅದರ ಹೆಸರಿಗಿಂತ ಅದು ನಡೆದ ರೀತಿಯೇ ಇಲ್ಲಿ ಮುಖ್ಯ.

ನನ್ನ ಮಂಜೂರಾತಿಯಲ್ಲಿ ವಿಮಾನದ ದರ ಮತ್ತು ವೀಸಾ ಶುಲ್ಕ ಸೇರಿದ್ದವು. ನೋಂದಣಿ, ವಸತಿ ಮತ್ತು ಊಟ ಸೇರಿರಲಿಲ್ಲ. ಕ್ಷಯರೋಗಿಗಳಿಗೆ ಪೌಷ್ಟಿಕ ಆಹಾರಕ್ಕಾಗಿ ನಿಕ್ಷಯ್ ಪೋಷಣ್ ಯೋಜನೆಯಡಿ ತಿಂಗಳಿಗೆ ಕೊಡುವ, ಆಗ 500 ರೂಪಾಯಿಯಿದ್ದ ಹಣ ಚಿಕಿತ್ಸೆಯ ಯಾವ ಹಂತದಲ್ಲಿ ಅವರ ಖಾತೆಗೆ ಬೀಳುತ್ತದೆ ಎಂಬ ವಿಷಯದ ಪೋಸ್ಟರನ್ನು ನಾನು ಪ್ಯಾರಿಸ್‌ಗೆ ಒಯ್ಯುತ್ತಿದ್ದೆ. ಅದೇ ಹೊತ್ತಿಗೆ ನನ್ನ ಸ್ವಂತ ಹಣದ ಲೆಕ್ಕವೂ ತಲೆಯಲ್ಲಿ ನಡೆಯುತ್ತಿತ್ತು. ವಿಮಾನಕ್ಕೆ 68,400 ರೂಪಾಯಿ ಆಯಿತು. ವೀಸಾ, ವಿಮೆ, ನೋಂದಣಿ, ನಾಲ್ಕು ಜನ ಹಂಚಿಕೊಳ್ಳುವ ಹಾಸ್ಟೆಲ್ ಕೋಣೆ ಮತ್ತು ಊಟ ಎಲ್ಲ ಸೇರಿ ಒಟ್ಟು 1,40,000 ರೂಪಾಯಿಯ ಹತ್ತಿರ ಬಂತು. ಅಷ್ಟೊಂದು ಉಳಿತಾಯ ನನ್ನಲ್ಲಿ ಇರಲಿಲ್ಲವಾದ್ದರಿಂದ ಮದುವೆಯಲ್ಲಿ ತವರಿನವರು ಹಾಕಿದ್ದ ಬಳೆಗಳನ್ನು ಒತ್ತೆಯಿಟ್ಟು ಒಂದು ಲಕ್ಷ ತಂದೆ. ಮರುಪಾವತಿ ಬಂದದ್ದು ಪ್ರವಾಸ ಮುಗಿದ ಏಳನೆಯ ತಿಂಗಳಲ್ಲಿ, ಅದೂ ಸುಮಾರು 77,000 ರೂಪಾಯಿ. ಅಷ್ಟರಲ್ಲಿ ಬಡ್ಡಿಯೇ 6,000 ರೂಪಾಯಿ ದಾಟಿತ್ತು, ಮತ್ತು ಬಡ್ಡಿಯನ್ನು ತುಂಬಿಕೊಡುವ ಅನುದಾನ ಯಾವುದೂ ಇಲ್ಲ.

ಆ ಏಳು ತಿಂಗಳಲ್ಲಿ ಒಂದು ಭಾಗ ನನ್ನ ಅಜಾಗರೂಕತೆಯಿಂದಲೇ ಹೋಯಿತು. ಮೂಲ ಬೋರ್ಡಿಂಗ್ ಪಾಸ್‌ಗಳನ್ನು ಬಿಲ್ಲಿನೊಂದಿಗೆ ಲಗತ್ತಿಸಬೇಕೆಂಬ ಷರತ್ತು ಇತ್ತು. ಕಳೆದುಹೋಗದಿರಲಿ ಎಂದು ನಾನು ಅವನ್ನು ಬಿಳಿ ಹಾಳೆಯ ಮೇಲೆ ಗೋಂದಿನಿಂದ ಅಂಟಿಸಿ ಕಡತದಲ್ಲಿಟ್ಟಿದ್ದೆ. ಬೋರ್ಡಿಂಗ್ ಪಾಸ್‌ನ ಅಕ್ಷರಗಳು ಶಾಯಿಯವಲ್ಲ, ಶಾಖಕ್ಕೆ ಬಣ್ಣ ಬದಲಿಸುವ ಕಾಗದದ ಮೇಲೆ ಮೂಡಿದವು. ಗೋಂದಿನ ತೇವಕ್ಕೋ ನಮ್ಮೂರ ಸೆಕೆಗೋ, ಹೋಗುವಾಗಿನ ಪಾಸ್ ಹಳದಿ ಬಣ್ಣಕ್ಕೆ ತಿರುಗಿ ಹೆಸರು ಮತ್ತು ದಿನಾಂಕ ಎರಡೂ ಅಳಿಸಿಹೋಗಿದ್ದವು. ಲೆಕ್ಕ ನೋಡುವ ಹಿರಿಯರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಇದರಾಗ ಏನೂ ಕಾಣಂಗಿಲ್ಲಲ್ರೀ ಮೇಡಂ" ಎಂದು ಹಿಂದಿರುಗಿಸಿದರು. ಪ್ರಯಾಣ ಮಾಡಿದ್ದು ನಿಜವೆಂದು ವಿಮಾನ ಸಂಸ್ಥೆಯಿಂದ ದೃಢೀಕರಣ ಪತ್ರ ತರಿಸಿಕೊಳ್ಳಲು ಮೂರು ವಾರ ಹಿಡಿಯಿತು. ಆದ್ದರಿಂದ ಬೋರ್ಡಿಂಗ್ ಪಾಸ್ ಕೈಗೆ ಬಂದ ದಿನವೇ ಅದರ ಚಿತ್ರ ತೆಗೆದಿಡಿ, ಜೆರಾಕ್ಸ್ ಮಾಡಿಸಿಡಿ, ಮೂಲವನ್ನು ಏನೂ ಅಂಟಿಸದೆ ಕಾಗದದ ಲಕೋಟೆಯಲ್ಲಿಡಿ. ಟಿಕೆಟ್ ಕೊಳ್ಳುವಾಗಲೂ ಎಚ್ಚರ ಬೇಕು. ಏರ್ ಇಂಡಿಯಾ 2022ರ ಜನವರಿಯಲ್ಲಿ ಟಾಟಾ ಸಮೂಹದ ಕೈಸೇರಿದ ಮೇಲೆ ಸರ್ಕಾರಿ ಹಣದ ಪ್ರಯಾಣಕ್ಕೆ ಅದೇ ವಿಮಾನದಲ್ಲಿ ಹೋಗಬೇಕೆಂಬ ಹಳೆಯ ಕಟ್ಟಳೆ ಹೋಯಿತು. ಆದರೆ ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್, ಐಆರ್‌ಸಿಟಿಸಿ ಈ ಮೂರು ಸರ್ಕಾರಿ ಸಂಸ್ಥೆಗಳಲ್ಲಿ ಒಂದರ ಮೂಲಕವೇ ಟಿಕೆಟ್ ತೆಗೆಯಬೇಕೆಂಬ ನಿಯಮ ಬಂತು. ನನ್ನ ಮಂಜೂರಾತಿ ಪತ್ರದಲ್ಲೂ ಈ ಷರತ್ತು ಇತ್ತು. ಬೇರೆ ತಾಣದಲ್ಲಿ ಅಗ್ಗವಾಗಿ ಸಿಕ್ಕಿತೆಂದು ಕೊಂಡುಬಿಟ್ಟಿದ್ದರೆ ಇಡೀ ಹಣವೇ ಕೈಬಿಡುವ ಸಂಭವವಿತ್ತು.

ಇಷ್ಟೆಲ್ಲ ಹೇಳಿದರೂ ಈ ಅನುದಾನವನ್ನು ಕೀಳಾಗಿ ಕಾಣಲು ನನಗೆ ಮನಸ್ಸಿಲ್ಲ. ಇಲ್ಲಿ ನಾವು ಪೈಪೋಟಿ ನಡೆಸುವುದು ನಮ್ಮ ದೇಶದವರ ಜೊತೆಗೆ ಮಾತ್ರ. ಕೆಲಸದ ಗುಣಮಟ್ಟ ಚೆನ್ನಾಗಿದ್ದು ಕಾಗದಪತ್ರ ಸರಿಯಾಗಿದ್ದರೆ ಸಣ್ಣ ಊರಿನ ಸಂಶೋಧಕರಿಗೂ ಸಿಗುತ್ತದೆ. ಕೊಡುತ್ತೇವೆಂದ ಹಣವನ್ನು ಕೊನೆಗೆ ಒಂದು ರೂಪಾಯಿಯೂ ಕಡಿಮೆಯಿಲ್ಲದೆ ಕೊಟ್ಟರು. ಕೇಂದ್ರ ಸರ್ಕಾರದ ಮಂಜೂರಾತಿ ಪತ್ರ ವೀಸಾ ಅರ್ಜಿಯಲ್ಲಿದ್ದರೆ ಅದಕ್ಕೊಂದು ತೂಕವೂ ಬರುತ್ತದೆ. ಕಾಯಂ ಸಂಬಳವಿರುವ ಪ್ರಾಧ್ಯಾಪಕರಿಗೆ ಇದು ಸಾಕಷ್ಟು ಒಳ್ಳೆಯ ದಾರಿ. ತಿಂಗಳ ಕೊನೆಗೆ ಕೈ ಖಾಲಿಯಾಗುವ ಯೋಜನಾ ಸಹಾಯಕರಿಗೆ, ಕ್ಷೇತ್ರದಲ್ಲಿ ಕಫದ ಮಾದರಿ ಸಂಗ್ರಹಿಸುವವರಿಗೆ, ರೋಗದಿಂದ ಗುಣವಾಗಿ ಬಂದು ಉಳಿದವರಿಗೆ ಆಸರೆಯಾಗಿ ನಿಂತವರಿಗೆ ಮಾತ್ರ ಮರುಪಾವತಿಯೆಂಬುದು ಮುಚ್ಚಿದ ಬಾಗಿಲಿನಂತೆಯೇ. ಮಾಹಿತಿ ಕಲೆಹಾಕಿದವರು ಅವರು, ವೇದಿಕೆಯ ಮೇಲೆ ನಿಲ್ಲುವವರು ನಾವು ಎಂಬ ನೋವು ನನಗೆ ಪ್ಯಾರಿಸ್‌ನಲ್ಲಿ ಪೋಸ್ಟರಿನ ಪಕ್ಕ ನಿಂತಿದ್ದಾಗ ಬಹಳ ಕಾಡಿತು.

ಮ್ಯೂನಿಕ್‌ನ ಸ್ಕಾಲರ್‌ಶಿಪ್ ಈ ವಿಷಯದಲ್ಲಿ ತೀರಾ ಬೇರೆ. ಎಚ್‌ಐವಿ ಇರುವವರಿಗೆ ಕ್ಷಯ ತಗಲದಂತೆ ಮುಂಚಿತವಾಗಿ ಕೊಡುವ ಔಷಧದ ಕುರಿತ ಪ್ರಬಂಧದ ಸಾರಾಂಶವನ್ನು ಜನವರಿಯಲ್ಲಿ ಸಲ್ಲಿಸುವಾಗಲೇ ಸ್ಕಾಲರ್‌ಶಿಪ್ ಅರ್ಜಿಯನ್ನೂ ಸಲ್ಲಿಸಿದೆ. ಸರ್ಕಾರಿ ಅರ್ಜಿ ಮುಖ್ಯವಾಗಿ ನನ್ನ ವಯಸ್ಸು, ಪದವಿ ಮತ್ತು ಪ್ರಕಟಣೆಗಳನ್ನು ಕೇಳಿತ್ತು. ಇವರು ಕೇಳಿದ್ದು ನಾನು ಯಾರ ನಡುವೆ ಕೆಲಸ ಮಾಡುತ್ತೇನೆ, ಅಲ್ಲಿ ಕಲಿತದ್ದನ್ನು ಹಿಂದಿರುಗಿ ಬಂದು ಯಾರಿಗೆ ಮುಟ್ಟಿಸುತ್ತೇನೆ ಎಂದು. ಆ ಎರಡು ಉತ್ತರಗಳಿಗೆ ನಾನು ನಾಲ್ಕು ಸಂಜೆ ವ್ಯಯಿಸಿದೆ. ಮೊದಲ ಕರಡಿನಲ್ಲಿ ಸಮುದಾಯದ ಸಬಲೀಕರಣ ಮುಂತಾದ ದೊಡ್ಡ ಮಾತುಗಳನ್ನು ತುಂಬಿದ್ದೆ. ಅವನ್ನೆಲ್ಲ ತೆಗೆದು, ತಿಂಗಳಿಗೊಮ್ಮೆ ಲಿಂಗಸುಗೂರಿನಲ್ಲಿ ಆಶಾ ಕಾರ್ಯಕರ್ತೆಯರೊಂದಿಗೆ ನಾವು ನಡೆಸುವ ಸಭೆಯಲ್ಲಿ ಯಾವ ಮೂರು ಪ್ರಶ್ನೆಗಳು ಮತ್ತೆ ಮತ್ತೆ ಏಳುತ್ತವೆ, ಅವಕ್ಕೆ ಉತ್ತರ ಹುಡುಕಿಕೊಂಡು ಬರಬೇಕಾಗಿದೆ ಎಂದು ನೇರವಾಗಿ ಬರೆದೆ. ಏಪ್ರಿಲ್ ಕೊನೆಗೆ ಒಪ್ಪಿಗೆ ಬಂತು.

ಟಿಕೆಟನ್ನು ಆಯೋಜಕರೇ ಕೊಂಡು ಕಳಿಸಿದರು, ಹೋಟೆಲನ್ನೂ ಅವರೇ ಕಾದಿರಿಸಿದರು, ನೋಂದಣಿ ಶುಲ್ಕ ಇರಲಿಲ್ಲ, ಊಟ ಮತ್ತು ಓಡಾಟಕ್ಕೆ ಸಣ್ಣ ದಿನಭತ್ಯೆಯೂ ಇತ್ತು. ವೀಸಾದ ಸೇವಾ ಶುಲ್ಕ, ವಿಮೆ, ಬೆಂಗಳೂರಿಗೆ ಎರಡು ಸಲ ಬಸ್ಸು ಸೇರಿ ನನ್ನ ಕೈಯಿಂದ ಹೋದದ್ದು 6,000 ರೂಪಾಯಿಗಿಂತ ಕಡಿಮೆ. ಇಲ್ಲಿ ಒಂದು ಸಂಗತಿಯನ್ನು ಬಿಡಿಸಿ ಹೇಳಲೇಬೇಕು. ಫ್ರಾನ್ಸ್, ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದ ಶುಲ್ಕ 2024ರ ಜೂನ್ 11ರಿಂದ 80 ಯೂರೋ ಇದ್ದದ್ದು 90 ಯೂರೋ ಆಗಿದೆ. ಆದರೆ ವೈಜ್ಞಾನಿಕ ಸಮ್ಮೇಳನದಲ್ಲಿ ಭಾಗವಹಿಸಲು ಹೋಗುವ ಸಂಶೋಧಕರಿಗೆ ಆ ಶುಲ್ಕವನ್ನು ಮನ್ನಾ ಮಾಡುವ ಅವಕಾಶ ಐರೋಪ್ಯ ಒಕ್ಕೂಟದ ವೀಸಾ ಸಂಹಿತೆಯಲ್ಲಿಯೇ ಇದೆ. ಪ್ಯಾರಿಸ್‌ಗೆ ಹೋಗುವಾಗ ತಿಳಿಯದೆ ಪೂರ್ತಿ ಕಟ್ಟಿದ್ದೆ. ಮ್ಯೂನಿಕ್‌ಗೆ ಹೋಗುವಾಗ ಸಂಸ್ಥೆಯ ಪತ್ರ, ಪದವಿ ಪ್ರಮಾಣಪತ್ರ, ಪ್ರಬಂಧ ಸ್ವೀಕೃತಿಯ ಪತ್ರ ಮೂರನ್ನೂ ಮುಂದಿಟ್ಟು ಕೇಳಿದೆ, ಮನ್ನಾ ಆಯಿತು. ಕನಿಷ್ಠ 30,000 ಯೂರೋ ಚಿಕಿತ್ಸಾ ವೆಚ್ಚ ಭರಿಸುವ ವಿಮೆಯಂತೂ ಎಲ್ಲರಿಗೂ ಕಡ್ಡಾಯ.

ಈ ದಾರಿಯ ಕೊರತೆಗಳೂ ಸಣ್ಣವಲ್ಲ. ಪೈಪೋಟಿ ಇಡೀ ಜಗತ್ತಿನವರೊಂದಿಗೆ, ಮತ್ತು ಹಿಂದಿನ ಎರಡು ಸಲ ಇದೇ ಸೊಸೈಟಿಗೆ ಅರ್ಜಿ ಹಾಕಿದಾಗ ನನಗೆ ಸಿಕ್ಕಿರಲಿಲ್ಲ. ಪ್ರಯಾಣದ ದಿನಗಳನ್ನು ಅವರೇ ನಿಶ್ಚಯಿಸುವುದರಿಂದ ಒಂದೆರಡು ದಿನ ಹೆಚ್ಚು ಉಳಿದು ಬೇರೆ ಪ್ರಯೋಗಾಲಯ ನೋಡಿಬರುವುದು ಸುಲಭವಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸ್ಕಾಲರ್‌ಶಿಪ್ ಸಿಕ್ಕ ಮಾತ್ರಕ್ಕೆ ವೀಸಾ ಸಿಗುತ್ತದೆಂಬ ಭರವಸೆಯಿಲ್ಲ. 2022ರಲ್ಲಿ ಇದೇ ಸಮ್ಮೇಳನ ಮಾಂಟ್ರಿಯಲ್‌ನಲ್ಲಿ ನಡೆದಾಗ ಆಫ್ರಿಕಾ ಮತ್ತು ಏಷ್ಯಾದ ಅನೇಕರಿಗೆ ಕೆನಡಾದ ವೀಸಾ ನಿರಾಕರಣೆಯಾಯಿತು ಅಥವಾ ಸಮಯಕ್ಕೆ ಬರಲಿಲ್ಲ. ಸ್ಕಾಲರ್‌ಶಿಪ್ ಪಡೆದವರೂ ಅವರಲ್ಲಿದ್ದರು. ರೋಗದ ಭಾರ ಹೊತ್ತ ದೇಶಗಳವರೇ ಬಾಗಿಲಾಚೆ ಉಳಿದದ್ದು ಅಲ್ಲಿ ಬಹಿರಂಗ ಪ್ರತಿಭಟನೆಗೂ ಕಾರಣವಾಯಿತು. ಆದ್ದರಿಂದ ಅರ್ಜಿ ಹಾಕುವ ಮುನ್ನ ಸಮ್ಮೇಳನ ಯಾವ ದೇಶದಲ್ಲಿದೆ, ಅಲ್ಲಿನ ವೀಸಾಕ್ಕೆ ಎಷ್ಟು ದಿನ ಬೇಕು ಎಂಬುದನ್ನು ಹಣದಷ್ಟೇ ಗಂಭೀರವಾಗಿ ನೋಡಬೇಕು.

ಎರಡು ಮೂಲಗಳನ್ನು ಜೋಡಿಸಬಹುದೇ ಎಂದು ಕೇಳುವವರಿಗೆ ಇಷ್ಟು ಹೇಳಬಲ್ಲೆ. ಒಂದೇ ಖರ್ಚಿಗೆ ಎರಡು ಕಡೆ ಹಣ ಪಡೆಯುವುದು ತಪ್ಪು, ಎರಡೂ ಕಡೆಯವರಿಗೆ ಮೊದಲೇ ಬರೆದು ತಿಳಿಸಿ ಬೇರೆ ಬೇರೆ ಖರ್ಚಿಗೆ ಪಡೆಯುವುದು ತಪ್ಪಲ್ಲ. ಆಯೋಜಕರು ಕೆಲವೊಮ್ಮೆ ನೋಂದಣಿ ಮತ್ತು ವಸತಿಗೆ ಸೀಮಿತವಾದ ಭಾಗಶಃ ಸ್ಕಾಲರ್‌ಶಿಪ್ ಕೊಡುತ್ತಾರೆ. ಸರ್ಕಾರದ ಅನುದಾನ ವಿಮಾನದ ದರಕ್ಕೆ ಸಿಗುತ್ತದೆ. ಇವೆರಡೂ ಸೇರಿದರೆ ಕೈಯಿಂದ ಹಾಕಬೇಕಾದ ಮೊತ್ತ ಸಾಕಷ್ಟು ಕಡಿಮೆಯಾಗುತ್ತದೆ. ನನಗೆ ಪ್ಯಾರಿಸ್‌ ಹೊತ್ತಿಗೆ ಇದು ಹೊಳೆದಿದ್ದರೆ ಬಳೆಗಳಲ್ಲಿ ಕೆಲವಾದರೂ ಮನೆಯಲ್ಲೇ ಇರುತ್ತಿದ್ದವು.

ಈಗ ನನ್ನಲ್ಲಿಗೆ ಬರುವವರಿಗೆ ಮೊದಲು ಆಯೋಜಕರ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿಸುತ್ತೇನೆ, ಅದು ಸಿಗದಿದ್ದರೆ ಮಾತ್ರ ಸರ್ಕಾರದ ಅನುದಾನದತ್ತ ಹೊರಳುವಂತೆ ಹೇಳುತ್ತೇನೆ. ಸಿಂಧನೂರಿನ ಕಡೆಯಿಂದ ಬಂದು ಎಚ್‌ಐವಿ ಸೋಂಕಿತರ ಸಂಘದಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳಿಗೆ 2025ರ ಜುಲೈನಲ್ಲಿ ರ್ವಾಂಡಾದ ಕಿಗಾಲಿಯಲ್ಲಿ ನಡೆದ, ಅದೇ ಏಡ್ಸ್ ಸೊಸೈಟಿಯ ಸಮ್ಮೇಳನದ ವಿಷಯ ತಿಳಿಸಿದಾಗ, ಅವರು ಊರು ಎಲ್ಲಿದೆ, ಎಷ್ಟು ದಿನ ಎಂದು ಏನನ್ನೂ ಕೇಳದೆ, "ಮೇಡಂರೀ, ಮೊದಲ ನನ್ನ ಕೈಲಿಂದ ಎಷ್ಟು ಹಾಕಬೇಕ್ರೀ?" ಎಂದು ಕೇಳಿದರು. ಕಾಮನ್‌ವೆಲ್ತ್ ದೇಶದವರಿಗೆ ರ್ವಾಂಡಾದಲ್ಲಿ 30 ದಿನಗಳವರೆಗೆ ವೀಸಾ ಶುಲ್ಕವಿಲ್ಲದಿರುವುದರಿಂದ ಆ ಚಿಂತೆ ಇರಲಿಲ್ಲ. ಸ್ಕಾಲರ್‌ಶಿಪ್ ಸಿಕ್ಕಿತು, ಟಿಕೆಟ್ ಅವರ ಮೊಬೈಲಿಗೇ ಬಂತು. ಅವರು ಕೈಯಿಂದ ಹಾಕಿದ್ದು ಪಾಸ್‌ಪೋರ್ಟಿಗೆ 1,500 ರೂಪಾಯಿ ಮತ್ತು ಬೆಂಗಳೂರಿಗೆ ಬಸ್ಸಿನ ಟಿಕೆಟು.