ಕಾದಂಬರಿಯಲ್ಲಿ ಅಲಂಕಾರ ಹುಡುಕಲು: ಓದುತ್ತಲೇ ಗುರುತೋ, ಎರಡನೇ ಓದಿಗೆ ಪಟ್ಟಿಯೋ?

ಓದುತ್ತಲೇ ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋದರೆ ಉಪಮೆ (ಒಂದನ್ನು ಇನ್ನೊಂದಕ್ಕೆ ಹೋಲಿಸುವುದು) ಸುಲಭವಾಗಿ ಸಿಗುತ್ತದೆ. ಅಂತೆ, ಹಾಗೆ, ಥರ ಎಂಬ ಪದಗಳೇ ಕಣ್ಣಿಗೆ ಬೀಳುತ್ತವೆ. ಮೋಸ ಹೋಗುವುದೂ ಇಲ್ಲೇ: ‘ಅಪ್ಪ ಹೇಳಿದಂತೆ ಮಾಡಿದ’ ಎಂಬಲ್ಲಿ ಉಪಮೆಯೇ ಇಲ್ಲ. ಅನುಮಾನ ಬಂದರೆ ನಾಲ್ಕು ಅಂಗ ಹುಡುಕಿ. ‘ಹಳೇ ಮನೆ ಮುದುಕಿಯಂತೆ ಕುಸಿದು ಕೂತಿತ್ತು’: ಮನೆ ಉಪಮೇಯ, ಮುದುಕಿ ಉಪಮಾನ, ಕುಸಿದು ಕೂತದ್ದು ಸಮಾನಧರ್ಮ, ‘ಅಂತೆ’ ಉಪಮಾವಾಚಕ. ಒಂದು ಅಂಗ ಬಿಟ್ಟುಹೋಗಿರಬಹುದು. ಯಾವುದನ್ನು ಯಾವುದಕ್ಕೆ ಹೋಲಿಸಿದೆ ಎಂದೇ ಹೇಳಲಾಗದಿದ್ದರೆ ಗುರುತು ಅಳಿಸಿ.

ಎರಡನೇ ಓದಿನ ಪಟ್ಟಿ ನಿಧಾನದ ಕೆಲಸ. ಆದರೆ ಸಂಕೇತ, ಮುನ್ಸೂಚನೆಗಳಿಗೆ ಬೇರೆ ದಾರಿಯಿಲ್ಲ. ಮೊದಲ ಅಧ್ಯಾಯದ ನಿಂತ ಗಡಿಯಾರ ಆಗ ಬರೀ ಗಡಿಯಾರ. ಕಥೆಯ ತಿರುವುಗಳಲ್ಲೆಲ್ಲ ಅದೇ ಮರಳಿ ಬಂದಾಗ ಸಂಕೇತ. ಪುಟ, ವಾಕ್ಯ, ತಂತ್ರ, ಪರಿಣಾಮ ಎಂದು ನಾಲ್ಕು ಕಾಲಂ ಸಾಕು. ಕೊನೆಯದನ್ನು ಖಾಲಿ ಬಿಡುವವರೇ ಹೆಚ್ಚು. ಆಗ ಉಳಿಯುವುದು ಹೆಸರುಗಳ ರಾಶಿ.

ರೂಪಕ (‘ಅಂತೆ’ ಎನ್ನದೆ ಒಂದನ್ನು ಇನ್ನೊಂದೇ ಎನ್ನುವುದು) ಈ ಎರಡು ಕ್ರಮಗಳ ನಡುವೆ ನಿಲ್ಲುತ್ತದೆ. ವಾಚಕ ಪದ ಇಲ್ಲದ್ದರಿಂದ ವೇಗದ ಓದಿನಲ್ಲಿ ಜಾರಿಹೋಗುತ್ತದೆ. ಅಕ್ಷರಶಃ ಅರ್ಥ ಮಾಡಿದರೆ ಅಸಂಬದ್ಧವೆನಿಸುವ ವಾಕ್ಯದ ಬಳಿ ನಿಲ್ಲಿ. (‘ಮೇಜಿನ ಕಾಲು’ ಥರದ ಸವೆದ ರೂಪಕ ಪಟ್ಟಿಗೆ ಬೇಡ.)

ವಿಶ್ಲೇಷಣೆಗೆ ಒಂದೇ ಅಧ್ಯಾಯವಿದ್ದರೆ ಮೊದಲ ಕ್ರಮ ಸಾಕು. ಇಡೀ ಕಾದಂಬರಿಯ ಮೇಲೆ ಪ್ರಬಂಧವಾದರೆ ಎರಡನೆಯದನ್ನೇ ಹಿಡಿಯಿರಿ; ಮೊದಲ ಓದಿನಲ್ಲಿ ಮರುಕಳಿಸುವ ವಸ್ತುಗಳ ಪುಟಸಂಖ್ಯೆ ಮಾತ್ರ ಬರೆದಿಟ್ಟುಕೊಳ್ಳಿ.