ಎಚ್ಚರಿಕೆ: ಕಂಟೇನರ್ ಬಂದರು ಮುಟ್ಟಿದ ಮೇಲೆ ಚೌಕಾಸಿಗೆ ಇಳಿಯುವ ಖರೀದಿದಾರರು

ಸಣ್ಣ ಬೆಳೆಗಾರರು ಸೇರಿಕೊಂಡು ಹೊರದೇಶಕ್ಕೆ ಮಾಲು ಕಳಿಸಲು ಹೊರಟಿದ್ದರೆ ಇದನ್ನು ಓದಿ. ನಮ್ಮ ಗುಂಪಿನ ಎಳ್ಳು ಹೋದದ್ದು ಸಿಐಎಫ್ ಲೆಕ್ಕದಲ್ಲಿ. ಅಂದರೆ ಹಡಗು ಬಾಡಿಗೆ, ವಿಮೆ ಎರಡೂ ನಮ್ಮ ತಲೆಗೆ. ಹಣ ಬರಬೇಕಿದ್ದದ್ದು ಡಿಪಿ ಪದ್ಧತಿಯಲ್ಲಿ: ಕಾಗದಪತ್ರ ಖರೀದಿದಾರನ ಬ್ಯಾಂಕಿಗೆ ಹೋಗುತ್ತದೆ, ಅವನು ದುಡ್ಡು ಕಟ್ಟಿ ಬಿಡಿಸಿಕೊಳ್ಳುತ್ತಾನೆ, ಆಮೇಲೆ ಮಾಲು ಅವನ ಕೈಗೆ. ಕೇಳೋಕೆ ಭದ್ರವಾಗಿದೆ, ಅಲ್ವಾ? ದುಡ್ಡು ಕೊಡದೆ ಮಾಲು ಸಿಗಲ್ಲ, ನಿಜ. ಆದರೆ ಅವನು ಕಾಗದಪತ್ರ ಬಿಡಿಸಿಕೊಳ್ಳದೆ ಸುಮ್ನೆ ಕೂತರೆ ಡಿಪಿ ಏನೂ ಮಾಡಲಾರದು.

ಸ್ಯಾಂಪಲ್ ಒಪ್ಪಿಗೆಯಾಗಿತ್ತು. ಹಡಗು ಹೊರಡುವವರೆಗೆ ದಿನಾ ಫೋನು. ಹೊರಟ ಮೇಲೆ ಸದ್ದೇ ಇಲ್ಲ. ಕಂಟೇನರ್ ಇಳಿದು, ಬಾಡಿಗೆಯಿಲ್ಲದೆ ಇಟ್ಟುಕೊಳ್ಳುವ ದಿನಗಳು ಮುಗಿಯುವ ಹೊತ್ತಿಗೆ ಸರಿಯಾಗಿ ಮೆಸೇಜ್ ಬಂತು: "ಎಳ್ಳಿನಲ್ಲಿ ತೇವ ಇದೆ, ರೇಟ್ ಇಳಿಸಿ."

ಜೊತೆಗೆ ಒಂದು ಫೋಟೋ. ಬಾಯಿ ಬಿಚ್ಚಿದ ಚೀಲ, ಅಂಚಿನಲ್ಲಿ ಬೂಷ್ಟು, ಬಿಳಿ ದಾರದ ಹೊಲಿಗೆ. ನಮ್ಮ ಚೀಲಗಳನ್ನೆಲ್ಲ ಹೊಲಿದದ್ದು ನೀಲಿ ದಾರದಲ್ಲಿ. ಲೋಡಿಂಗ್ ಫೋಟೋಗಳಲ್ಲಿ ಅದು ಎದ್ದು ಕಾಣುತ್ತದೆ. ದಾರ ಹಾಗಿರಲಿ, ಕಾಗದಪತ್ರ ಇನ್ನೂ ಬ್ಯಾಂಕಿನಲ್ಲೇ ಇತ್ತು, ಕಂಟೇನರ್ ಸೀಲ್ ಒಡೆದೇ ಇರಲಿಲ್ಲ. ಒಳಗಿನ ತೇವ ಇವನಿಗೆ ಕಂಡದ್ದು ಹೇಗೆ? ಕೇಳಿದೆವು. ಉತ್ತರದ ಬದಲು ಇನ್ನೊಂದು ಮೆಸೇಜ್ ಬಂತು. ಅದರಲ್ಲಿ ಇಳಿಸಬೇಕಾದ ಮೊತ್ತ ಇನ್ನೂ ಜಾಸ್ತಿಯಾಗಿತ್ತು.

ಬೇರೆಯವರಿಗೆ ಮಾರೋಣ ಎಂದು ಓಡಾಡಿದೆವು. ಅಲ್ಲಿನ ಕಸ್ಟಮ್ಸ್‌ನಲ್ಲಿ ಮಾಲನ್ನು ಇನ್ನೊಬ್ಬರ ಹೆಸರಿಗೆ ಮಾಡಿಸಲು, ವಾಪಸ್ ತರಿಸಲು ಮೊದಲ ಖರೀದಿದಾರನದೇ ಒಪ್ಪಿಗೆ ಪತ್ರ ಬೇಕಂತೆ. ಹೀಗೆ ಕೇಳುವ ದೇಶಗಳು ಇನ್ನೂ ಕೆಲವು ಇವೆ. ಅವನು ಯಾಕೆ ಕೊಡುತ್ತಾನೆ? ಅತ್ತ ಡೆಮರೇಜ್, ಅಂದರೆ ಕಂಟೇನರ್ ಹೆಚ್ಚು ದಿನ ನಿಂತದ್ದಕ್ಕೆ ಕಟ್ಟುವ ದಂಡ, ಏರುತ್ತಲೇ ಇತ್ತು. ದಿನ ಹೋದಂತೆ ಅದರ ದರವೂ ಏರುತ್ತದೆ. ಕೊನೆಗೆ ಅವನು ಹೇಳಿದ ಬೆಲೆಗೇ ಕೊಟ್ಟು ಕೈತೊಳೆದುಕೊಂಡೆವು. ಆ ನಷ್ಟ ಹಂಚಿಕೊಂಡವರಲ್ಲಿ ಒಂದೆರಡು ಚೀಲ ಹಾಕಿದವರೂ ಇದ್ದರು. ಕೆಲವರಿಗೆ ಇದೇ ಕಸುಬು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ವಿಮೆ ಇರಲಿಲ್ವಾ ಅಂತ ಕೇಳುತ್ತೀರಿ. ಸಿಐಎಫ್‌ನಲ್ಲಿ ಮಾರುವವರು ಮಾಡಿಸಲೇಬೇಕಾದದ್ದು 'ಸಿ' ಕ್ಲಾಜ್, ಅಂದರೆ ಕನಿಷ್ಠ ರಕ್ಷಣೆಯ ವಿಮೆ ಮಾತ್ರ. ಬೆಂಕಿ, ಮುಳುಗಡೆ, ಡಿಕ್ಕಿ ಅದರಲ್ಲಿ ಬರುತ್ತವೆ. ಮಳೆನೀರು, ಕಳ್ಳತನ ಬರುವುದಿಲ್ಲ. ಹೆಚ್ಚು ರಕ್ಷಣೆಯ 'ಎ' ಕ್ಲಾಜ್ ತಗೊಳ್ಳಿ. ಆದರೂ ಖರೀದಿದಾರ ಕೈಕೊಟ್ಟರೆ ಸರಕಿನ ವಿಮೆ ಯಾವುದೂ ಉಪಯೋಗಕ್ಕಿಲ್ಲ. ಅದಕ್ಕೆ ಎಕ್ಸ್‌ಪೋರ್ಟ್ ಕ್ರೆಡಿಟ್ ಇನ್ಶೂರೆನ್ಸ್ ಬೇರೆಯೇ ಇದೆ.

ಹೊಸ ಖರೀದಿದಾರ ಅಂದರೆ ಮುಂಗಡ ಇಲ್ಲದೆ ಮಾಲು ಎತ್ತಬೇಡಿ. ಎಷ್ಟು ಮುಂಗಡ? ಮಾಲು ವಾಪಸ್ ತರಿಸಬೇಕಾಗಿ ಬಂದರೂ ಹೋಗಿ ಬರುವ ಬಾಡಿಗೆ, ಬಂದರಿನ ಖರ್ಚು ಅದರಲ್ಲೇ ಹುಟ್ಟಬೇಕು. ಬಿಲ್ ಆಫ್ ಲೇಡಿಂಗ್ (ಮಾಲು ಬಿಡಿಸಿಕೊಳ್ಳಲು ಬೇಕಾದ, ಹಡಗು ಕಂಪನಿ ಕೊಡುವ ಕಾಗದ) ನೇರವಾಗಿ ಅವನ ಹೆಸರಿಗೆ ಬೇಡ, 'ಟು ಆರ್ಡರ್' ಅಂತಿರಲಿ, ಅಂದರೆ ಹಿಂದೆ ಸಹಿ ಹಾಕಿ ಯಾರಿಗೆ ವರ್ಗಾಯಿಸುತ್ತೀರೋ ಅವರಿಗೆ ಮಾಲು.

ಎಲ್‌ಸಿ (ಕಾಗದಪತ್ರ ಷರತ್ತಿನಂತೆ ಇದ್ದರೆ ಹಣ ಕೊಡುತ್ತೇವೆ ಎಂದು ಖರೀದಿದಾರನ ಬ್ಯಾಂಕೇ ಕೊಡುವ ಭರವಸೆ ಪತ್ರ) ಇನ್ನೂ ಗಟ್ಟಿ. ಆದರೆ ಬ್ಯಾಂಕ್ ನೋಡುವುದು ಕಾಗದವನ್ನು, ಮಾಲನ್ನಲ್ಲ. 2007ರಿಂದ ಜಾರಿಯಲ್ಲಿರುವ ಯುಸಿಪಿ 600 ಎಂಬ ಎಲ್‌ಸಿಯ ಅಂತರರಾಷ್ಟ್ರೀಯ ನಿಯಮದಂತೆ ಕಾಗದ ಪರೀಕ್ಷಿಸಲು ಬ್ಯಾಂಕಿಗೆ ಹೆಚ್ಚೆಂದರೆ 5 ಕೆಲಸದ ದಿನ. ಚೀಲದ ಲೆಕ್ಕ ಎರಡು ಕಾಗದದಲ್ಲಿ ಎರಡು ಥರ ಇದ್ದರೆ ಹಣ ಅಲ್ಲೇ ನಿಂತಿತು. "ಖರೀದಿದಾರ ಸಹಿ ಮಾಡಿದ ತಪಾಸಣಾ ಪತ್ರ ಬೇಕು" ಎಂಬ ಷರತ್ತನ್ನು ಮೆತ್ತಗೆ ಸೇರಿಸಿರುತ್ತಾರೆ. ಅದು ಇದ್ದರೆ ಎಲ್‌ಸಿ ಇದ್ದೂ ಇಲ್ಲದಂತೆ. ಮಾಲು ಪ್ಯಾಕ್ ಮಾಡುವ ಮೊದಲೇ ತೆಗೆಸಿಹಾಕಿ.

ಲೋಡಿಂಗ್ ದಿನ ಇಬ್ಬರಿಗೂ ಸೇರದ ತಪಾಸಣೆ ಸಂಸ್ಥೆಯಿಂದ ತೇವಾಂಶ ಅಳೆಸಿ. ಸೀಲ್ ಮಾಡಿದ ಸ್ಯಾಂಪಲ್ ಒಂದು ನಿಮ್ಮ ಹತ್ತಿರ ಇರಲಿ. ಲ್ಯಾಬ್ ವರದಿಯನ್ನೂ ಮೊದಲೇ ಮಾಡಿಸಿ. ಯುರೋಪಿಯನ್ ಯೂನಿಯನ್‌ನಲ್ಲಿ ಪ್ರತ್ಯೇಕ ಮಿತಿ ಹೇಳದ ಕೀಟನಾಶಕಕ್ಕೆ ಕಿಲೋಗೆ 0.01 ಮಿಲಿಗ್ರಾಂ ಅಷ್ಟೇ ಅವಕಾಶ. ತಕರಾರು ತೆಗೆಯುವವನಿಗೆ ಅಷ್ಟು ಸಾಕು.

ಈಗಾಗಲೇ ನಿಮ್ಮ ಕಂಟೇನರ್ ಸಿಕ್ಕಿಕೊಂಡಿದೆಯಾ? ಪೂರ್ತಿ ಹಣ ಬಾರದೆ ಕಾಗದಪತ್ರ ಬಿಡಬೇಡಿ ಎಂದು ಇವತ್ತೇ ಬ್ಯಾಂಕಿಗೆ ಬರೆದು ಕೊಡಿ. ಡೆಮರೇಜ್ ಇಲ್ಲದ ದಿನಗಳನ್ನು ಹೆಚ್ಚಿಸುವಂತೆ ಹಡಗು ಕಂಪನಿಗೆ ಮೇಲ್ ಹಾಕಿ. ಖರೀದಿದಾರನಿಗೆ ಉತ್ತರ ಆಮೇಲೆ ಕೊಟ್ಟರಾಯ್ತು.