ದೇವಿಮನೆ ಘಟ್ಟದಲ್ಲಿ ಪ್ಲಗ್-ಇನ್ ಹೈಬ್ರಿಡ್: ಚಾರ್ಜು ಎಲ್ಲಿ ಉಳಿಸಬೇಕು, ಎಲ್ಲಿ ಕರಗಿಸಬೇಕು

ಅಡಿಕೆ ಕೊಯ್ಲಿಗೆಂದು ಊರಿಗೆ ಬಂದಿದ್ದ ಬೆಂಗಳೂರಿನ ಭಾವನವರು ತಮ್ಮ ವೋಲ್ವೊ ಎಕ್ಸ್‌ಸಿ90 ಟಿ8 ಕಾರನ್ನು ಒಂದು ವಾರ ನನ್ನ ಕೈಗೆ ಕೊಟ್ಟಿದ್ದರು. ಇದು ಪ್ಲಗ್-ಇನ್ ಹೈಬ್ರಿಡ್, ಅಂದರೆ ಪೆಟ್ರೋಲಿನಲ್ಲೂ ಮನೆಯ ಸಾಕೆಟ್ಟಿನಲ್ಲಿ ಚಾರ್ಜು ಮಾಡಿದ ಬ್ಯಾಟರಿಯಲ್ಲೂ ಓಡುವ ಕಾರು. ಇದರಲ್ಲಿ 2 ಲೀಟರಿನ ಪೆಟ್ರೋಲ್ ಇಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸಿದರೆ, ವಿದ್ಯುತ್ ಮೋಟಾರು ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. ಸೀಟು, ಸ್ಪೀಕರುಗಳ ವಿವರಕ್ಕೆ ನಾನು ಹೋಗುವುದಿಲ್ಲ. ದೇವಿಮನೆ ಘಟ್ಟವಿರುವ ಶಿರಸಿ–ಕುಮಟಾ ರಸ್ತೆಯಲ್ಲಿ ಬ್ಯಾಟರಿಯನ್ನು ಹೇಗೆ ಬಳಸಬೇಕೆಂಬುದಷ್ಟೇ ಇಲ್ಲಿಯ ವಿಷಯ.

ಮೊದಲ ದಿನ ತಪ್ಪು ಮಾಡಿದೆ. ಘಟ್ಟಕ್ಕೆ ಬೇಕಾದೀತೆಂದು ಚಾರ್ಜನ್ನು ‘ಹೋಲ್ಡ್’ನಲ್ಲಿ, ಅಂದರೆ ಬ್ಯಾಟರಿ ಖರ್ಚಾಗದಂತೆ ತಡೆಯುವ ಮೋಡಿನಲ್ಲಿ, ಕಾದಿಟ್ಟುಕೊಂಡು, ತುಂಬಿದ ಬ್ಯಾಟರಿಯೊಂದಿಗೇ ದೇವಿಮನೆ ಇಳಿಯತೊಡಗಿದೆ. ಎರಡು ಟನ್ನಿಗೂ ಮೀರಿದ ತೂಕ ಘಟ್ಟ ಇಳಿಯುವಾಗ ಹುಟ್ಟುವ ಶಕ್ತಿಯನ್ನು ಮೋಟಾರು ಹಿಡಿದು ಬ್ಯಾಟರಿಗೆ ತುಂಬಬೇಕು. ಆದರೆ ಅಲ್ಲಿ ಜಾಗವೇ ಇರಲಿಲ್ಲ. ಘಟ್ಟದ ಬುಡದ ಕತಗಾಲದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಮುಂದಿನ ಚಕ್ರದ ಬಳಿ ಕೈಯೊಡ್ಡಲಾಗದಷ್ಟು ಕಾವು ಇತ್ತು. ಬ್ಯಾಟರಿಗೆ ಸೇರಬೇಕಾದದ್ದೆಲ್ಲ ಬ್ರೇಕಿನ ಬಿಸಿಯಾಗಿ ಹೋಗಿತ್ತು.

ಮುಂದಿನ ಸಲ ಶಿರಸಿಯಿಂದಲೇ ‘ಪ್ಯೂರ್’ ಮೋಡಿನಲ್ಲಿ, ಅಂದರೆ ಬರೀ ವಿದ್ಯುತ್ತಿನಲ್ಲಿ ಹೊರಟೆ. ಮೀಟರಿನಲ್ಲಿ ಮಿಂಚಿನ ಗುರುತೊಂದು, ಹನಿಯ ಗುರುತೊಂದು ಇವೆ; ಮುಳ್ಳು ಹನಿಯನ್ನು ಮುಟ್ಟಿದೊಡನೆ ಇಂಜಿನ್ ಎದ್ದುಕೊಳ್ಳುತ್ತದೆ. ಅಲ್ಲಿಗೆ ಮುಟ್ಟದಂತೆ ಪಾದದ ಒತ್ತಡವನ್ನು ಹದವಾಗಿಟ್ಟುಕೊಂಡು ರಾಗಿಹೊಸಳ್ಳಿ ದಾಟಿ ಘಟ್ಟದ ತಲೆಗೆ ಬಂದಾಗ 4 ಕಿ.ಮೀ.ಗಾಗುವಷ್ಟು ಚಾರ್ಜು ಉಳಿದಿತ್ತು. ಗೇರನ್ನು ‘ಬಿ’ಗೆ, ಅಂದರೆ ಆಕ್ಸಿಲರೇಟರ್ ಬಿಟ್ಟೊಡನೆ ಮೋಟಾರೇ ವೇಗ ತಗ್ಗಿಸಿ ಬ್ಯಾಟರಿ ತುಂಬುವ ಸ್ಥಾನಕ್ಕೆ, ಹಾಕಿ ಇಳಿದೆ. ಪ್ರತಿ ತಿರುವಿನಲ್ಲೂ ಕಾರು ತಾನಾಗಿಯೇ ನಿಧಾನವಾಗುತ್ತಿತ್ತು, ಬ್ರೇಕನ್ನು ಆಗೊಮ್ಮೆ ಈಗೊಮ್ಮೆ ತುಳಿದರೆ ಸಾಕಾಯಿತು. ಕತಗಾಲ ತಲುಪುವಷ್ಟರಲ್ಲಿ ಮೀಟರು 9 ಕಿ.ಮೀ. ತೋರಿಸುತ್ತಿತ್ತು. ಈ ಕಾರಿನ ಬಗ್ಗೆ ನನಗೆ ನಿಜವಾದ ಗೌರವ ಹುಟ್ಟಿದ್ದು ಅಲ್ಲಿಯೇ.

ಹತ್ತುವಾಗ ಲೆಕ್ಕ ತಿರುಗುಮುರುಗು. ಕುಮಟಾದ ಅತ್ತೆಯ ಮನೆಯಲ್ಲಿ ಚಾರ್ಜು ಮಾಡಿಕೊಂಡು, ಕತಗಾಲದವರೆಗಿನ ಸಮತಟ್ಟು ರಸ್ತೆಯಲ್ಲಿ ‘ಹೋಲ್ಡ್’ ಇಟ್ಟು, ಏರು ಶುರುವಾಗುತ್ತಿದ್ದಂತೆ ಇಂಜಿನ್, ಮೋಟಾರು ಎರಡನ್ನೂ ಬಳಸುವ ‘ಹೈಬ್ರಿಡ್’ ಮೋಡಿಗೆ ಬದಲಿಸಬೇಕು. ಆಗ ಹಿಂದಿನಿಂದ ಮೋಟಾರು ನೂಕುವುದರಿಂದ ಇಂಜಿನ್ ಕಿರುಚುವುದಿಲ್ಲ, ಲಾರಿಯ ಹಿಂದೆ ಮತ್ತೆ ಮತ್ತೆ ನಿಂತು ಹೊರಡುವಾಗಲೂ ತಿಣುಕುವುದಿಲ್ಲ. ಎರಡನ್ನೂ ಪೂರ್ತಿ ಬಲದಲ್ಲಿ ದುಡಿಸುವ ‘ಪವರ್’ ಮೋಡು ಈ ರಸ್ತೆಗೆ ಬೇಕಿಲ್ಲ. ಪೆಟ್ರೋಲ್ ಸುಟ್ಟು ಬ್ಯಾಟರಿ ತುಂಬಿಸುವ ‘ಚಾರ್ಜ್’ ಮೋಡನ್ನಂತೂ ಗತ್ಯಂತರವಿಲ್ಲದಿದ್ದರೆ ಮಾತ್ರ ಬಳಸಬೇಕು, ಏಕೆಂದರೆ ಇಂಜಿನ್ನಿನ ಶಕ್ತಿ ವಿದ್ಯುತ್ತಾಗಿ ಮತ್ತೆ ಚಕ್ರಕ್ಕೆ ಬರುವಷ್ಟರಲ್ಲಿ ಅದರ ಒಂದು ಪಾಲು ದಾರಿಯಲ್ಲೇ ಸೋರಿಹೋಗಿರುತ್ತದೆ.

ಇಂಥ ಪ್ಲಗ್-ಇನ್ ಹೈಬ್ರಿಡ್ ಕೊಳ್ಳಬೇಕೆಂದಿರುವವರು ಮೊದಲು ಮನೆಯ ವೈರಿಂಗನ್ನು ನೋಡಿಸಿಕೊಳ್ಳಲಿ. 16 ಆಂಪಿಯರಿನ ಸಾಕೆಟ್ಟಿನಲ್ಲಿ ಸುಮಾರು 3 ಗಂಟೆಯಲ್ಲಿ ಭಾವನವರ ಕಾರಿನ ಬ್ಯಾಟರಿ ತುಂಬುತ್ತದೆ. ಆದರೆ ನಮ್ಮ ಹಳೆಯ ಮನೆಯಲ್ಲಿ ಅರ್ಥಿಂಗ್ ಸರಿಯಿಲ್ಲದೆ ಚಾರ್ಜರಿನ ಕೆಂಪು ದೀಪ ಆರಲೇ ಇಲ್ಲ. ಎಲೆಕ್ಟ್ರಿಷಿಯನ್ ಬಂದು ಅಂಗಳದ ಮೂಲೆಯಲ್ಲಿ ಹೊಸ ಅರ್ಥ್ ಗುಂಡಿ ತೋಡಿ ತಂತಿ ಎಳೆದ ನಂತರವೇ ಹಸಿರು ದೀಪ ಹತ್ತಿತು.